ಚೌಕಟ್ಟಿನ ಹೊರಗಿದ್ದ ಅಂಗೈ

ಮೊಬೈಲನ್ನು ಯಾರ ಮುಖದ ಮುಂದೆ ಹಿಡಿದರೂ ನನ್ನ ಮಣಿಕಟ್ಟು ತಾನಾಗಿ ಒಂದಿಷ್ಟು ಮೇಲಕ್ಕೆ ವಾಲುತ್ತದೆ. ಕತ್ತಿನಿಂದ ಮೇಲಿನದಷ್ಟೇ ಪರದೆಯೊಳಗೆ ಬರಬೇಕು, ಕೆಳಗಿನದು ಬೇಡ ಎಂಬ ಈ ಅಭ್ಯಾಸ ನನಗೆ ಅಂಟಿದ್ದು 2020ರಲ್ಲಿ, ಅಮ್ಮನ ಕ್ಯಾನ್ಸರ್ ಚಿಕಿತ್ಸೆ ನಡೆದ ಆರು ತಿಂಗಳಲ್ಲಿ. ಮೂರು ವಾರಕ್ಕೊಮ್ಮೆ ಆಸ್ಪತ್ರೆಯಿಂದ ವಿಡಿಯೊ ಕರೆ ಬರುತ್ತಿತ್ತು. ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು, ನಾನು ಎದುರಿಗೆ ಮೊಣಕಾಲೂರಿ ಮೊಬೈಲು ಹಿಡಿಯುತ್ತಿದ್ದೆ. ಆಗ ನಾನು ಮಾಡುತ್ತಿದ್ದುದು ಬರೀ ಸಹಾಯವೆಂದೇ ತಿಳಿದಿದ್ದೆ. ವೈದ್ಯರು ಏನನ್ನು ನೋಡಬೇಕು, ಏನನ್ನು ನೋಡಬಾರದು ಎಂಬುದನ್ನು ತೀರ್ಮಾನಿಸುತ್ತಿದ್ದವರಲ್ಲಿ ನಾನೂ ಒಬ್ಬ ಪಾಲುದಾರ ಎಂಬುದು ಹೊಳೆಯಲು ಬಹಳ ಕಾಲ ಹಿಡಿಯಿತು. ಹೊಳೆದ ಮೇಲೆ ಅದು ಬಿಡದೆ ಕೊರೆಯುತ್ತಿದೆ. ಈ ಬರಹ ಅದರ ಫಲ.

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮ್ಮನ ದೊಡ್ಡ ಕರುಳಿನ ಗಡ್ಡೆಯನ್ನು ಆ ವರ್ಷದ ಫೆಬ್ರುವರಿಯಲ್ಲಿ ತೆಗೆದರು. ಕೆಲವು ದುಗ್ಧಗ್ರಂಥಿಗಳಿಗೂ ರೋಗ ತಗುಲಿದ್ದರಿಂದ ಕೀಮೋ ಬೇಕೇ ಬೇಕೆಂದು ರಿಪೋರ್ಟ್ ಹೇಳಿತು. ಗಾಯ ಮಾಗುತ್ತಿರುವಾಗಲೇ, ಮಾರ್ಚ್ 11ರಂದು, ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಕರೆಯಿತು. ರಕ್ತನಾಳದ ಮೂಲಕ ಔಷಧ ಏರಿಸಿಕೊಳ್ಳಲು ಮತ್ತೆ ಮತ್ತೆ ಆಸ್ಪತ್ರೆಗೆ ಬರುವುದು ಎಪ್ಪತ್ತು ದಾಟಿದ ಈ ರೋಗಿಗೆ ಬೇಡವೆಂದು ವೈದ್ಯರು ಕ್ಯಾಪೆಸಿಟಾಬಿನ್ ಎಂಬ ಮಾತ್ರೆಯನ್ನು ಆರಿಸಿದರು. ಹದಿನಾಲ್ಕು ದಿನ ಬೆಳಿಗ್ಗೆ ಸಂಜೆ ನುಂಗಬೇಕು, ಏಳು ದಿನ ಬಿಡಬೇಕು. ಹೀಗೆ ಎಂಟು ಸೈಕಲ್. ಮಾತ್ರೆ ಮನೆಗೇ ಬರುತ್ತದೆ, ರಕ್ತ ಪರೀಕ್ಷೆಗೆ ಮಾತ್ರ ಹೊರಗೆ ಹೋದರೆ ಸಾಕು, ಉಳಿದದ್ದೆಲ್ಲ ವಿಡಿಯೊದಲ್ಲಿ. ಒಂದೇ ಒಂದು ವಿನಾಯಿತಿ ಇತ್ತು: ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕರೆ, ಪರದೆ, ಅಪಾಯಿಂಟ್‌ಮೆಂಟ್ ಯಾವುದಕ್ಕೂ ಕಾಯದೆ ನೇರವಾಗಿ ಬರಬೇಕು, ರಾತ್ರಿಯಾದರೂ ಸರಿ. ಬಿಳಿ ರಕ್ತಕಣ ಕುಸಿದಿರುವಾಗ ಬರುವ ಜ್ವರ ಬೆಳಗಿನವರೆಗೆ ಕಾಯುವುದಿಲ್ಲ.

ಮುಂದೆ ನಾನು ವಿಡಿಯೊ ಭೇಟಿಯ ಬಗ್ಗೆ ತಕರಾರುಗಳನ್ನೇ ಹೇಳಲಿದ್ದೇನೆ. ಆದ್ದರಿಂದ ಇದನ್ನು ಮೊದಲೇ ಹೇಳಿಬಿಡಬೇಕು. ಆ ದಿನಗಳಲ್ಲಿ ವಿಡಿಯೊ ಭೇಟಿಗೆ ಎದುರಾಗಿ ಇದ್ದದ್ದು ಮುಖಾಮುಖಿ ಭೇಟಿಯಲ್ಲ, ಭೇಟಿಯೇ ಇಲ್ಲದಿರುವ ಸ್ಥಿತಿ. ಕ್ಯಾನ್ಸರ್ ಚಿಕಿತ್ಸೆಯನ್ನು ಮುಂದೂಡುವುದಕ್ಕೆ ತನ್ನದೇ ಬೆಲೆಯಿದೆ. 2020ರ ನವೆಂಬರಿನಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ವಿಶ್ಲೇಷಣೆಯೊಂದರ ಪ್ರಕಾರ, ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇಕಡಾ 6ರಿಂದ 8ರಷ್ಟು ಹೆಚ್ಚುತ್ತದೆ. ಅಮ್ಮನ ಚಿಕಿತ್ಸೆ ಮುಂದೂಡಿಕೆಯಾಗದೆ ನಡೆಯಿತು. ಅದಕ್ಕೆ ಆ ಐದಿಂಚಿನ ಪರದೆಯ ಋಣ ನಮ್ಮ ಮೇಲಿದೆ.

ಫೋನಿನ ಡಾಕ್ಟರು

ವರ್ಚುವಲ್ ಭೇಟಿ, ಆನ್‌ಲೈನ್ ಸಮಾಲೋಚನೆ, ಟೆಲಿಮೆಡಿಸಿನ್ ಎಂದು ಆಸ್ಪತ್ರೆಯ ಸಂದೇಶಗಳಲ್ಲಿ ಒಂದೊಂದು ಸಲ ಒಂದೊಂದು ಹೆಸರು ಬರುತ್ತಿತ್ತು. ಅಮ್ಮ ಅದನ್ನೆಲ್ಲ 'ಫೋನಿನ ಡಾಕ್ಟರು' ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಫೋನಿನ ಡಾಕ್ಟರು ಬರುವ ದಿನ ಅವಳು ಬೆಳಿಗ್ಗೆಯಿಂದಲೇ ಸಿದ್ಧಳಾಗುತ್ತಿದ್ದಳು. ತಲೆ ಬಾಚಿ, ಮುಖ ತೊಳೆದು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಕರೆಗೆ ಅರ್ಧ ಗಂಟೆ ಮೊದಲೇ ಕುರ್ಚಿಯಲ್ಲಿ ಕೂತು ಉಸಿರು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಹಾಸಿಗೆಯಿಂದ ಕುರ್ಚಿಯವರೆಗೆ ಬಂದ ಆಯಾಸ ಕರೆ ಶುರುವಾಗುವುದರೊಳಗೆ ಆರಿಹೋಗಿರಬೇಕು ಎಂಬುದು ಅದರ ಹಿಂದಿನ ಲೆಕ್ಕ ಎಂದು ನನಗೆ ಈಗ ಅನಿಸುತ್ತದೆ. ಆಗ ಅದನ್ನು ಶಿಸ್ತು ಎಂದುಕೊಂಡಿದ್ದೆ. ಗೋಡೆಯ ಮೇಲಿನ ತೇವದ ಕಲೆ ಕಾಣದಂತೆ, ಮೇಜಿನ ಮೇಲಿನ ವಾಂತಿಯ ಬಟ್ಟಲು ಕಾಣದಂತೆ ನಾನು ಮೊಬೈಲಿನ ಕೋನ ಸರಿಮಾಡುತ್ತಿದ್ದೆ. ಮನೆಗೆ ನೆಂಟರು ಬಂದಾಗ ಮುಂಬಾಗಿಲಿನ ಕೋಣೆಯನ್ನಷ್ಟೇ ಒಪ್ಪ ಮಾಡಿಡುತ್ತೇವಲ್ಲ, ಹಾಗೆ.

ಸಿಕ್ಕ ಲಾಭಗಳು ಸಣ್ಣವಲ್ಲ. ಆಸ್ಪತ್ರೆಯಲ್ಲಿ ನಮ್ಮ ವೈದ್ಯರನ್ನು ಮಾಸ್ಕ್, ಅದರ ಮೇಲೊಂದು ಪ್ಲಾಸ್ಟಿಕ್ ಮುಖಕವಚ, ಇವುಗಳ ಹಿಂದಿನ ಎರಡು ಕಣ್ಣುಗಳಾಗಿ ಮಾತ್ರ ಕಂಡಿದ್ದೆವು. ವಿಡಿಯೊದಲ್ಲಿ ಮೊದಲ ಸಲ ಅವರ ಪೂರ್ತಿ ಮುಖ ಕಂಡಿತು. ಕರೆ ಮುಗಿದ ಮೇಲೆ ಅಮ್ಮ ಹೇಳಿದ ಮೊದಲ ಮಾತು, "ಅವರಿಗೆ ಇಷ್ಟು ಚಿಕ್ಕ ವಯಸ್ಸೇ?" ಎಂದು. ದೂರದಲ್ಲಿದ್ದ ನನ್ನ ತಂಗಿ ಅದೇ ಕರೆಗೆ ಸೇರಿಕೊಂಡು ನಾನು ಮರೆತ ಪ್ರಶ್ನೆಗಳನ್ನು ಕೇಳುತ್ತಿದ್ದಳು. ಶಸ್ತ್ರಚಿಕಿತ್ಸೆಯ ನಂತರದ ಮೊದಲ ತಪಾಸಣೆಗೆ ಅಮ್ಮ ಒಬ್ಬಳೇ ಒಳಗೆ ಹೋಗಬೇಕಾಗಿ ಬಂದು, ನಾನು ಹೊರಗೆ ವಾಹನದಲ್ಲಿ ಕೂತು ಫೋನಿನ ಸ್ಪೀಕರಿನಲ್ಲಿ ವೈದ್ಯರ ಮಾತು ಕೇಳಿಸಿಕೊಂಡಿದ್ದೆ. ಅದಕ್ಕೆ ಹೋಲಿಸಿದರೆ ಮನೆಯಲ್ಲಿ ಅವಳ ಪಕ್ಕದಲ್ಲಿ ಇರುವುದೇ ಒಂದು ಸಮಾಧಾನ. ಮೂರು ಗಂಟೆ ಕಾದು ಎಂಟು ನಿಮಿಷ ಮಾತಾಡಿ ಬರುವ ಹಿಂಸೆಯೂ ತಪ್ಪಿತು. ಎಂಟು ನಿಮಿಷ ಮಾತ್ರ ಹಾಗೆಯೇ ಉಳಿಯಿತು.

ಬಾಗಿಲಿನಿಂದ ಕುರ್ಚಿಯವರೆಗೆ

ಆಸ್ಪತ್ರೆಯ ಮೊದಲ ಭೇಟಿಯಲ್ಲಿ ನಮ್ಮ ವೈದ್ಯರು ತಾವೇ ಎದ್ದು ಬಂದು ಬಾಗಿಲು ತೆರೆದು ರೋಗಿಗಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಕರೆದು, ಬಾಗಿಲ ಬಳಿಯೇ ಒಂದು ಕ್ಷಣ ನಿಂತು, ರೋಗಿ ಎದ್ದು ನಡೆದು ಬರುವುದನ್ನು ನೋಡುತ್ತಿದ್ದರು. ಎಂಥ ಸೌಜನ್ಯ ಎಂದು ನಾನು ಮೆಚ್ಚಿಕೊಂಡಿದ್ದೆ. ಅದು ಸೌಜನ್ಯವೂ ಹೌದು. ಆದರೆ ತಪಾಸಣೆ ಅಲ್ಲಿಂದಲೇ ಶುರುವಾಗಿರುತ್ತಿತ್ತು ಎಂಬುದು ನನಗೆ ಗೊತ್ತಾದದ್ದು ತಿಂಗಳುಗಳ ನಂತರ, ಅಮ್ಮನ ಫೈಲಿನಲ್ಲಿ 'ಪಿಎಸ್ 1' ಎಂದು ಬರೆದಿದ್ದ ಅಕ್ಷರಗಳ ಅರ್ಥ ಹುಡುಕಿದಾಗ.

ಪಿಎಸ್ ಎಂದರೆ ಪರ್ಫಾರ್ಮೆನ್ಸ್ ಸ್ಟೇಟಸ್, ಅಂದರೆ ರೋಗಿ ತನ್ನ ದಿನವನ್ನು ಎಷ್ಟರಮಟ್ಟಿಗೆ ತಾನೇ ನಡೆಸಬಲ್ಲರು ಎಂಬುದರ ಅಂಕಿ. ಇಕಾಗ್ ಎಂದು ಕರೆಯುವ ಈ ಅಳತೆ 1982ರಲ್ಲಿ ಪ್ರಕಟವಾದದ್ದು, ಇಂದಿಗೂ ಆಂಕಾಲಜಿಸ್ಟರ, ಅಂದರೆ ಕ್ಯಾನ್ಸರ್ ತಜ್ಞರ, ನಾಲಿಗೆಯ ತುದಿಯಲ್ಲಿರುವಂಥದ್ದು. ಸೊನ್ನೆ ಎಂದರೆ ರೋಗಕ್ಕೆ ಮುಂಚೆ ಇದ್ದ ಹಾಗೆಯೇ ಎಲ್ಲ ಕೆಲಸ. ಒಂದು ಎಂದರೆ ಶ್ರಮದ ಕೆಲಸ ಆಗದು, ಉಳಿದದ್ದು ಆಗುತ್ತದೆ. ಎರಡು ಎಂದರೆ ತನ್ನ ಆರೈಕೆ ತಾನು ಮಾಡಿಕೊಂಡು, ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಮಯ ಎದ್ದು ಓಡಾಡುವ ಸ್ಥಿತಿ. ಮೂರಕ್ಕೆ ಬಂದರೆ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆ ಅಥವಾ ಕುರ್ಚಿ. ನಾಲ್ಕು ಎಂದರೆ ಪೂರ್ತಿ ಹಾಸಿಗೆ ಹಿಡಿದದ್ದು, ಐದು ಸಾವು. ಕೀಮೋ ಕೊಡಬೇಕೋ ಬೇಡವೋ, ಎಷ್ಟು ಕೊಡಬೇಕು ಎಂಬ ತೀರ್ಮಾನಗಳಲ್ಲಿ ಸ್ಕ್ಯಾನ್ ಎಷ್ಟು ಮುಖ್ಯವೋ ಈ ಒಂದಂಕಿಯೂ ಸುಮಾರು ಅಷ್ಟೇ ಮುಖ್ಯ. ಇದನ್ನು ಅಳೆಯಲು ಯಂತ್ರವಿಲ್ಲ. ಕೇಳಬೇಕು, ಮತ್ತು ನೋಡಬೇಕು. ಬಾಗಿಲಿನಿಂದ ಕುರ್ಚಿಗೆ ಬರುವ ಹತ್ತು ಹೆಜ್ಜೆ, ಕೂರುವಾಗ ಕುರ್ಚಿಯ ತೋಳನ್ನು ಹಿಡಿಯುವ ರೀತಿ, ಪರೀಕ್ಷೆಯ ಮೇಜಿಗೆ ಹತ್ತುವಾಗ ಯಾರ ಭುಜ ಹುಡುಕುತ್ತಾರೆ ಎಂಬುದು, ಇವೆಲ್ಲ ರೋಗಿಗೆ ಅರಿವಿಲ್ಲದೆ ಕೊಡುವ ಉತ್ತರಗಳು.

ವಿಡಿಯೊ ಕರೆ ಶುರುವಾಗುವುದೇ ಕೂತ ರೋಗಿಯಿಂದ. ಅಮ್ಮ ಮೂರನೆಯ ಸೈಕಲ್ ಹೊತ್ತಿಗೆ ಮಧ್ಯಾಹ್ನವೆಲ್ಲ ಮಲಗಿರುತ್ತಿದ್ದಳು. "ಮನೆಯಲ್ಲಿ ಓಡಾಡಿಕೊಂಡಿದ್ದೀರಾ?" ಎಂದು ವೈದ್ಯರು ಕೇಳಿದಾಗ ಅವಳು "ಓ, ಓಡಾಡುತ್ತೇನಲ್ಲ" ಎಂದಳು, ನಾನು ಮೊಬೈಲಿನ ಹಿಂದಿನಿಂದ ಸುಮ್ಮನೆ ತಲೆಯಾಡಿಸಿದೆ, ಅದು ಯಾರಿಗೂ ಕಾಣುವಂತಿರಲಿಲ್ಲ. ಸುಳ್ಳು ಎನ್ನಲಾಗದು. ಬಚ್ಚಲಿಗೆ, ಅಡುಗೆಮನೆಗೆ, ಹಾಸಿಗೆಗೆ ಓಡಾಡುತ್ತಿದ್ದಳು ನಿಜ. ಮುಂದಿನ ಸಲ ಅವರಿಗೇ ಏನೋ ಅನುಮಾನ ಬಂದಿರಬೇಕು, ಎದ್ದು ನಾಲ್ಕು ಹೆಜ್ಜೆ ನಡೆದು ತೋರಿಸಿ ಎಂದರು. ಅಮ್ಮ ಪಥಸಂಚಲನಕ್ಕೆ ನಿಂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಗೋಡೆಯವರೆಗೆ ನಡೆದು ತಿರುಗಿ ಬಂದಳು. ಕರೆ ಮುಗಿದ ಮೇಲೆ ಒಂದು ಗಂಟೆ ಮಲಗಿದಳು. ನಡೆದು ತೋರಿಸುವುದಕ್ಕೂ ನಡೆದು ಬರುವುದಕ್ಕೂ ಇರುವ ಅಂತರವನ್ನು ಆ ದಿನ ನೋಡಿದವನು ನಾನೊಬ್ಬನೇ, ಮತ್ತು ನಾನು ಅದನ್ನು ಯಾರಿಗೂ ಹೇಳಲಿಲ್ಲ.

ಹೆಬ್ಬೆರಳನ್ನು ಗುರುತಿಸದ ಫೋನು

ಕ್ಯಾಪೆಸಿಟಾಬಿನ್ ದೇಹದೊಳಗೆ ಹೋಗಿ ಫ್ಲೂರೋಯುರಾಸಿಲ್ ಎಂಬ ಹಳೆಯ ಕೀಮೋ ಔಷಧವಾಗಿ ಬದಲಾಗುತ್ತದೆ. ಅದರ ಅಡ್ಡಪರಿಣಾಮಗಳಲ್ಲಿ ಎದ್ದು ಕಾಣುವುದು ಅಂಗೈ ಅಂಗಾಲುಗಳ ಮೇಲಿನದು: ಮೊದಲು ಜುಮುಜುಮು, ಆಮೇಲೆ ಕೆಂಪು, ಊತ, ಉರಿ, ಕೊನೆಗೆ ಸಿಪ್ಪೆ ಏಳುವುದು, ಬಿರಿಯುವುದು. ವೈದ್ಯರು ಇದನ್ನು ದರ್ಜೆಗಳಲ್ಲಿ ಅಳೆಯುತ್ತಾರೆ. ನೋವಿನಿಂದ ಅಡುಗೆ, ಖರೀದಿಯಂಥ ಕೆಲಸ ಕೆಟ್ಟರೆ ಎರಡನೆಯ ದರ್ಜೆ. ಉಡುವುದು, ಉಣ್ಣುವುದು, ಸ್ನಾನದಂಥ ಸ್ವಂತ ಆರೈಕೆಯೇ ಕಷ್ಟವಾದರೆ ಮೂರನೆಯದು. ಎರಡಕ್ಕೆ ಬಂದರೆ ಮಾತ್ರೆ ನಿಲ್ಲಿಸಿ ಚರ್ಮ ಸುಧಾರಿಸುವವರೆಗೆ ಕಾಯಬೇಕು. ಮೂರಕ್ಕೆ ಹೋದರೆ ಮತ್ತೆ ಶುರು ಮಾಡುವಾಗ ಪ್ರಮಾಣವನ್ನೂ ಇಳಿಸಬೇಕು. ಇದು ಚಿಕಿತ್ಸೆಯ ಸೋಲಲ್ಲ, ಚಿಕಿತ್ಸೆಯದೇ ಒಂದು ಭಾಗ ಎಂದು ಮೊದಲ ದಿನವೇ ಹೇಳಿದ್ದರು. ಅಮ್ಮ ಅದನ್ನು ಕೇಳಿಸಿಕೊಂಡದ್ದು ಬೇರೆ ಥರ. ಅವಳ ಲೆಕ್ಕದಲ್ಲಿ ಒಂದು ಮಾತ್ರೆ ಕಡಿಮೆಯಾದರೆ ರೋಗಕ್ಕೆ ಅಷ್ಟು ಜಾಗ ಬಿಟ್ಟುಕೊಟ್ಟ ಹಾಗೆ.

ಐದನೆಯ ಸೈಕಲ್ ನಡುವಿನ ಕರೆ ಅದು. "ಅಂಗೈ ತೋರಿಸಿ" ಎಂದರು ವೈದ್ಯರು. ಅಮ್ಮ ಎರಡೂ ಕೈ ಎತ್ತಿ, ಬೆರಳು ಅಗಲಿಸಿ, ಒಂದು ಕ್ಷಣ ಹಿಡಿದು ಇಳಿಸಿದಳು. ಕಿಟಕಿಯ ಬೆಳಕು ನೇರವಾಗಿ ಅಂಗೈ ಮೇಲೆ ಬಿದ್ದು ಪರದೆಯಲ್ಲಿ ಅದು ಬಿಳಿಚಿದ ಒಂದು ಹಾಳೆಯ ಹಾಗೆ ಕಂಡಿತು. ಕೆಂಪು ಎಂಬ ಬಣ್ಣವೇ ಅಲ್ಲಿ ಇರಲಿಲ್ಲ. ನನ್ನ ಕಣ್ಣಿಗೆ ಮೊಬೈಲಿನ ಮೇಲ್ಭಾಗದಲ್ಲಿ ನಿಜವಾದ ಕೈ, ಮೊಬೈಲಿನೊಳಗೆ ಈ ಬಿಳಿಯ ಕೈ, ಎರಡೂ ಒಟ್ಟಿಗೆ ಕಾಣುತ್ತಿದ್ದವು. ನಿಜವಾದ ಕೈ ಕಂದುಗೆಂಪಾಗಿ ಮಿರುಗುತ್ತಿತ್ತು, ಹೆಬ್ಬೆರಳ ಬುಡದಲ್ಲಿ ಚರ್ಮ ಸುಲಿದಿತ್ತು. ಪರದೆಯನ್ನು ಸ್ವಲ್ಪ ಓರೆ ಮಾಡಿ ನೆರಳಿನಲ್ಲಿ ತೋರಿಸಿದ್ದರೆ ಸಾಕಿತ್ತು. ಅಮ್ಮ ನನ್ನನ್ನು ನೋಡಿದಳು. ನಾನು ಮೊಬೈಲನ್ನು ಅಲುಗಿಸಲಿಲ್ಲ. "ಸ್ವಲ್ಪ ಕೆಂಪಿದೆ, ಅಷ್ಟೇ" ಎಂದಳು. "ಮುಲಾಮು ಹಚ್ಚುತ್ತಿರಿ" ಎಂದರು. ಯಾಕೆ ಅಲುಗಿಸಲಿಲ್ಲ ಎಂದು ಆಮೇಲೆ ನೂರು ಸಲ ಕೇಳಿಕೊಂಡಿದ್ದೇನೆ. ಎಂಟರಲ್ಲಿ ಐದು ಮುಗಿಯುತ್ತ ಬಂದಿದೆ, ಇನ್ನು ಮೂರೇ ಉಳಿದಿವೆ, ಈಗ ನಿಲ್ಲಬಾರದು ಎಂದು ನನ್ನೊಳಗೂ ಅವಳದೇ ಲೆಕ್ಕ ನಡೆಯುತ್ತಿತ್ತು.

ಅದಾದ ಎರಡು ದಿನಕ್ಕೆ ಅಮ್ಮನ ಫೋನು ತೆರೆಯಲಿಲ್ಲ. ಹೆಬ್ಬೆರಳು ಒತ್ತಿದರೆ ಅದು ಒಂದು ಸಲ ನಡುಗಿ ಸುಮ್ಮನಾಗುತ್ತಿತ್ತು. ತೋರುಬೆರಳು, ಎಡಗೈ, ಒರೆಸಿಕೊಂಡು ಮತ್ತೊಮ್ಮೆ, ಏನು ಮಾಡಿದರೂ ಇಲ್ಲ. ನಾನು ಅದನ್ನು ಫೋನಿನ ದೋಷವೆಂದೇ ತಿಳಿದು, ಬೆರಳಚ್ಚು ತೆಗೆದುಹಾಕಿ ನಾಲ್ಕಂಕಿಯ ಗುಟ್ಟು ಸಂಖ್ಯೆ ಹಾಕಿಕೊಟ್ಟೆ. ಸಮಸ್ಯೆ ಬಗೆಹರಿಯಿತೆಂದು ಖುಷಿಯನ್ನೂ ಪಟ್ಟೆ. ಇದೇ ಔಷಧ ತೆಗೆದುಕೊಳ್ಳುತ್ತಿದ್ದ ರೋಗಿಯೊಬ್ಬರನ್ನು ಬೆರಳಚ್ಚು ಸಿಗಲಿಲ್ಲವೆಂದು ಅಮೆರಿಕದ ವಿಮಾನ ನಿಲ್ದಾಣದಲ್ಲಿ ನಾಲ್ಕು ಗಂಟೆ ತಡೆದು ನಿಲ್ಲಿಸಿದ್ದ ಪ್ರಸಂಗವನ್ನು ಸಿಂಗಪುರದ ವೈದ್ಯರೊಬ್ಬರು 2009ರಲ್ಲೇ 'ಆನಲ್ಸ್ ಆಫ್ ಆಂಕಾಲಜಿ' ಪತ್ರಿಕೆಗೆ ಬರೆದಿದ್ದರು ಎಂಬುದು ನನಗೆ ಆಗ ಹೇಗೆ ಗೊತ್ತಿರಬೇಕು! ಬೆರಳಚ್ಚು ಮಾಸುವುದಕ್ಕೂ ಅಂಗೈ ಉರಿಯುವುದಕ್ಕೂ ಯಾವಾಗಲೂ ತಾಳೆಯಾಗಬೇಕೆಂದಿಲ್ಲ, ಒಂದು ಇನ್ನೊಂದಿಲ್ಲದೆ ಬರಬಹುದು ಎಂದೂ ಆಮೇಲೆ ಓದಿದೆ. ಅಮ್ಮನಿಗೆ ಎರಡೂ ಇದ್ದವು. ಡಾಕ್ಟರನ್ನು ಮನೆಗೆ ತರುತ್ತಿದ್ದ ಅದೇ ಯಂತ್ರ ಅವಳ ಚರ್ಮ ಬದಲಾದದ್ದನ್ನು ಡಾಕ್ಟರಿಗಿಂತ ಮೊದಲು ಪತ್ತೆ ಮಾಡಿತ್ತು. ಅದರ ಕ್ಯಾಮೆರಾಕ್ಕೆ ಕಾಣದ್ದು ಅದರ ಬೆರಳಚ್ಚು ಸಂವೇದಕಕ್ಕೆ ಸಿಕ್ಕಿತ್ತು. ನಾನು ಅದರ ಬಾಯಿ ಮುಚ್ಚಿಸಿದ್ದೆ.

ಸತ್ಯ ಹೊರಬಂದದ್ದು ವಿಡಿಯೊ ಇಲ್ಲದ ಒಂದು ಕರೆಯಲ್ಲಿ. ಆ ವಾರದ ಕೊನೆಗೆ ಆಸ್ಪತ್ರೆಯ ನರ್ಸ್ ಒಬ್ಬರು ಮುಂದಿನ ಮಾತ್ರೆಗಳನ್ನು ಕಳಿಸುವ ವಿಚಾರಕ್ಕೆ ಫೋನು ಮಾಡಿದರು. ಹೇಗಿದ್ದೀರಿ ಎಂದು ಅವರು ಕೇಳಲೇ ಇಲ್ಲ. "ನೀರಿನ ಬಾಟಲಿಯ ಮುಚ್ಚಳ ಈಗ ಯಾರು ತೆಗೆದುಕೊಡುತ್ತಾರೆ?" ಎಂದು ಕೇಳಿದರು. ಅಮ್ಮ ಯೋಚಿಸದೆ ನನ್ನ ಹೆಸರು ಹೇಳಿದಳು. "ಬಟ್ಟೆಯ ಗುಂಡಿ?" ಗುಂಡಿಯ ಬಟ್ಟೆ ಹಾಕುವುದನ್ನೇ ಬಿಟ್ಟಿದ್ದೇನೆ ಎಂದಳು. "ರಾತ್ರಿ ಕಾಲಿಗೆ ಹೊದಿಕೆ ತಗುಲಿದರೆ ಏನನಿಸುತ್ತದೆ?" ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊದಿಕೆಯಿಂದ ಕಾಲು ಹೊರಗಿಟ್ಟೇ ಮಲಗುತ್ತೇನೆ" ಎಂದಳು. ನಾನು ಪಕ್ಕದಲ್ಲೇ ಇದ್ದೆ. ಮುಚ್ಚಳ ತೆಗೆದುಕೊಟ್ಟವನು ನಾನೇ, ಆದರೂ ಅದೊಂದು ಲಕ್ಷಣವೆಂದು ನನಗೆ ಅನಿಸಿರಲಿಲ್ಲ. ಹೊದಿಕೆಯ ವಿಷಯವಂತೂ ನನಗೆ ಗೊತ್ತೇ ಇರಲಿಲ್ಲ. ಅರ್ಧ ಗಂಟೆಯಲ್ಲಿ ವೈದ್ಯರಿಂದ ಕರೆ ಬಂತು: ಇವತ್ತು ಸಂಜೆಯ ಮಾತ್ರೆ ಬೇಡ. ಎರಡು ವಾರದ ಬಿಡುವಿನ ನಂತರ ಮುಕ್ಕಾಲು ಪ್ರಮಾಣದಲ್ಲಿ ಮತ್ತೆ ಶುರುವಾಯಿತು, ಎಂಟೂ ಸೈಕಲ್ ಮುಗಿದವು.

ಕಿವಿ ಎದೆಯಿಂದ ದೂರ ಸರಿದಾಗ

ವೈದ್ಯರು ರೋಗಿಯ ಮೈಯಿಂದ ದೂರ ಸರಿದರೆ ವೈದ್ಯವೇ ಕೆಡುತ್ತದೆ ಎನ್ನುವವರನ್ನು ಆ ವರ್ಷ ಬಹಳ ಕೇಳಿದೆ. ನಾನೂ ಒಂದು ಕಾಲಕ್ಕೆ ಹಾಗೆಯೇ ಹೇಳುತ್ತಿದ್ದೆ. ಆದರೆ ಹಾಗೆ ದೂರ ಸರಿಯುವುದು ಹೊಸದೇನಲ್ಲ. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್, ಹೃದ್ರೋಗದ ಲಕ್ಷಣಗಳಿದ್ದ ಯುವತಿಯೊಬ್ಬಳ ಎದೆಗೆ ಕಿವಿಗೊಡಲು ಸಂಕೋಚಪಟ್ಟು ಕಾಗದದ ಹಾಳೆಯನ್ನು ಸುರುಳಿ ಸುತ್ತಿ ಒಂದು ತುದಿಯನ್ನು ಎದೆಗೂ ಇನ್ನೊಂದನ್ನು ಕಿವಿಗೂ ಇಟ್ಟಾಗ, ನೇರ ಕಿವಿಗೆ ಕೇಳುತ್ತಿದ್ದುದಕ್ಕಿಂತ ಸ್ಪಷ್ಟವಾಗಿ ಬಡಿತ ಕೇಳಿಸಿತು. ಸ್ಟೆಥೊಸ್ಕೋಪು ಹುಟ್ಟಿದ್ದು ಹಾಗೆ, ಒಂದು ಅಡಿ ದೂರ ಸರಿದು. ಟೆಲಿಫೋನಿಗೆ ಬೆಲ್ ಪೇಟೆಂಟ್ ಪಡೆದ ಮೂರೇ ವರ್ಷಕ್ಕೆ, 1879ರಲ್ಲಿ, ಮಗುವಿನ ಕೆಮ್ಮನ್ನು ಫೋನಿನಲ್ಲೇ ಆಲಿಸಿ ಗಾಬರಿ ಬೇಡವೆಂದು ವೈದ್ಯರೊಬ್ಬರು ಹೇಳಿದ ಸುದ್ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು. ಆ ವೈದ್ಯರಿಗೆ ಮಗು ಕಾಣಲಿಲ್ಲ. ಆದರೆ ಯಾವ ಸದ್ದಿಗಾಗಿ ಕಿವಿಗೊಡಬೇಕು ಎಂಬುದು ಅವರಿಗೆ ಗೊತ್ತಿತ್ತು.

ಮುಚ್ಚಳದ ಪ್ರಶ್ನೆಯ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ಪಿಡುಗಿನ ವರ್ಷದಲ್ಲಿ ನಾವೆಲ್ಲ ಚಿತ್ರದ ಹಿಂದೆ ಬಿದ್ದೆವು. ಮುಖ ಕಾಣುತ್ತಿದೆಯೇ, ಬೆಳಕು ಸಾಕೇ, ನೆಟ್‌ವರ್ಕ್ ಇದೆಯೇ ಎಂದು ಒದ್ದಾಡಿದೆವು. ಮುಖ ಕಂಡರೆ ಭೇಟಿಯಾಯಿತು ಎಂದುಕೊಂಡೆವು. ಪಿಡುಗಿಗೆ ಮೂರು ವರ್ಷ ಮೊದಲು, 2017ರಲ್ಲಿ, ಈಥನ್ ಬಾಷ್ ಎಂಬ ಆಂಕಾಲಜಿಸ್ಟ್ ಮತ್ತು ಸಂಗಡಿಗರು 'ಜಾಮಾ' ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ವಿಡಿಯೊದ ಸುಳಿವೇ ಇಲ್ಲ. ನ್ಯೂಯಾರ್ಕಿನ ಒಂದು ಕ್ಯಾನ್ಸರ್ ಕೇಂದ್ರದಲ್ಲಿ, ರೋಗ ಹರಡಿದ್ದು ಕೀಮೋ ಪಡೆಯುತ್ತಿದ್ದ 766 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪು ಉಸಿರಾಟ, ನೋವು, ವಾಕರಿಕೆ, ಆಯಾಸದಂಥ 12 ಲಕ್ಷಣಗಳನ್ನು ಕಂಪ್ಯೂಟರಿನಲ್ಲಿ ತಾವೇ ಅಂಕಿ ಕೊಟ್ಟು ದಾಖಲಿಸಬೇಕು, ಯಾವುದಾದರೂ ಉಲ್ಬಣಿಸಿದರೆ ನರ್ಸಿಗೆ ತಕ್ಷಣ ಇಮೇಲ್ ಹೋಗುತ್ತದೆ. ಇನ್ನೊಂದು ಗುಂಪಿಗೆ ಎಂದಿನ ರೂಢಿ. ಮೊದಲ ಗುಂಪಿನ ಬದುಕಿನ ಮಧ್ಯಾಂಕ, ಅಂದರೆ ಅರ್ಧದಷ್ಟು ಜನ ದಾಟಿದ ಅವಧಿ, 31.2 ತಿಂಗಳು, ಎರಡನೆಯದರದು 26 ತಿಂಗಳು. ಹೊಸ ಔಷಧವೊಂದು ಇಷ್ಟು ತಿಂಗಳು ಕೊಟ್ಟಿದ್ದರೆ ಜಗತ್ತೇ ಸಂಭ್ರಮಿಸುತ್ತಿತ್ತು. ಇಲ್ಲಿ ಕೊಟ್ಟದ್ದು ನಿರ್ದಿಷ್ಟವಾದ ಪ್ರಶ್ನೆ, ಅದನ್ನು ಮತ್ತೆ ಮತ್ತೆ ಕೇಳುವ ಕ್ರಮ, ಮತ್ತು ಉತ್ತರ ಬಂದಾಗ ಆ ಕಡೆ ಎದ್ದು ನಿಲ್ಲುವ ಒಬ್ಬ ಮನುಷ್ಯ.

ಇದರಿಂದ ನನ್ನ ಪಾಲಿನ ಹೊಣೆ ಕಡಿಮೆಯಾಗುವುದಿಲ್ಲ. ಆದರೆ 'ಹೇಗಿದ್ದೀರಿ' ಎಂಬುದಕ್ಕೆ 'ಚೆನ್ನಾಗಿದ್ದೇನೆ' ಎಂದು ಅಮ್ಮ ಹೇಳಿದ್ದರಲ್ಲಿ ಮೋಸವೇನೂ ಇರಲಿಲ್ಲ ಎಂಬುದಂತೂ ತಿಳಿಯಿತು. ಆ ಪ್ರಶ್ನೆಗೆ ನಮ್ಮ ಭಾಷೆಯಲ್ಲಿ ಬೇರೆ ಉತ್ತರವೇ ಇಲ್ಲ. ಎದುರಿಗೆ ಕೂತಿದ್ದರೆ ವೈದ್ಯರು ಆ ಉತ್ತರವನ್ನು ಪಕ್ಕಕ್ಕಿಟ್ಟು ಕೈ ಹಿಡಿದು ನೋಡುತ್ತಿದ್ದರು. ಪರದೆಯಲ್ಲಿ ಕೈ ಹಿಡಿಯಲಾಗದು. ಆಗ ಪ್ರಶ್ನೆಯೇ ಕೈ ಹಿಡಿಯಬೇಕು. ಎಂಟು ನಿಮಿಷದಲ್ಲಿ ಅದಕ್ಕೆ ಎಷ್ಟು ಜಾಗವಿರುತ್ತದೆ ಎಂಬುದು ಬೇರೆ ಮಾತು.

ಅರ್ಧ ವಾಕ್ಯ

ಚಿಕಿತ್ಸೆ ಮುಗಿದ ಮೇಲಿನ ಮೊದಲ ಸಿಟಿ ಸ್ಕ್ಯಾನಿನ ಫಲಿತಾಂಶವೂ ವಿಡಿಯೊದಲ್ಲೇ ಬಂತು. ಕೆಟ್ಟ ಸುದ್ದಿಯನ್ನು ಹೇಗೆ ಹೇಳಬೇಕು ಎಂಬುದಕ್ಕೆ ಆಂಕಾಲಜಿಯಲ್ಲಿ 'ಸ್ಪೈಕ್ಸ್' ಎಂಬ ಆರು ಹೆಜ್ಜೆಗಳ ಕ್ರಮವಿದೆ, 2000ದಲ್ಲಿ ರೂಪುಗೊಂಡದ್ದು. ಅದರ ಮೊದಲ ಹೆಜ್ಜೆಯೇ ಸ್ಥಳದ ಸಿದ್ಧತೆ: ಏಕಾಂತವಿರಬೇಕು, ಕೂತು ಮಾತಾಡಬೇಕು, ನಡುವೆ ಅಡ್ಡಿ ಬರಬಾರದು. ವಿಡಿಯೊದಲ್ಲಿ ಆ ಸ್ಥಳ ವೈದ್ಯರ ಕೈಯಲ್ಲಿಲ್ಲ. ಅವರು ಅದನ್ನು ಬಲ್ಲವರಾದ್ದರಿಂದ "ಯಾರಿದ್ದೀರಿ ಜೊತೆಗೆ? ಈಗ ಮಾತಾಡಲು ಅನುಕೂಲವೇ?" ಎಂದು ಮೊದಲು ಕೇಳಿದರು. ಆ ಪ್ರಶ್ನೆಗೇ ಅಮ್ಮನ ಕತ್ತಿನ ನರ ಬಿಗಿದದ್ದು ನನಗೆ ಕಂಡಿತು. ಆಮೇಲೆ ಅವರು ಹೇಳಿದರು: "ಕರುಳಿನ ಜಾಗ ಸ್ವಚ್ಛವಾಗಿದೆ. ಯಕೃತ್ತಿನಲ್ಲಿ ಒಂದು ಚಿಕ್ಕ..."

ಅಲ್ಲಿಗೆ ಚಿತ್ರ ನಿಂತಿತು. ಬಾಯಿ ಅರ್ಧ ತೆರೆದ, ಒಂದು ಕಣ್ಣು ಅರೆಮುಚ್ಚಿದ ವೈದ್ಯರ ಮುಖ. ನಾನು ಎದ್ದು ಕಿಟಕಿಯ ಕಡೆ ಮೊಬೈಲು ಚಾಚಿದೆ, ಬಾಗಿಲ ಕಡೆ ಚಾಚಿದೆ. ಎಷ್ಟು ಹೊತ್ತು ಎಂದು ಈಗ ಹೇಳಲಾರೆ, ಬಹುಶಃ ಅರ್ಧ ನಿಮಿಷವೂ ಇರಲಿಲ್ಲ. ಚಿತ್ರ ಮತ್ತೆ ಅಲುಗಿದಾಗ ಅವರು ಮುಂದಿನ ರಕ್ತ ಪರೀಕ್ಷೆಯ ಬಗ್ಗೆ, ರಕ್ತದಲ್ಲಿ ಕ್ಯಾನ್ಸರಿನ ಸುಳಿವು ಕೊಡುವ ಸಿಇಎ ಎಂಬ ಅಂಶವನ್ನು ಮೂರು ತಿಂಗಳಿಗೊಮ್ಮೆ ನೋಡುವ ಬಗ್ಗೆ ಹೇಳುತ್ತಿದ್ದರು. ಅವರ ಪಾಲಿಗೆ ವಾಕ್ಯ ಮುಗಿದಿತ್ತು. ನಾನು ತಡೆದು ಕೇಳಿದೆ. "ಅಯ್ಯೋ, ಅದು ಬರೀ ನೀರುಗುಳ್ಳೆ. ಬಹಳ ಜನರಿಗೆ ಇರುತ್ತದೆ, ಏನೂ ಮಾಡಬೇಕಿಲ್ಲ. ಹೇಳಿದೆನಲ್ಲ!" ಎಂದರು. ಎದುರಿಗೆ ಕೂತಿದ್ದರೆ 'ಚಿಕ್ಕ' ಎನ್ನುವಾಗಲೇ ಅಮ್ಮನ ಮುಖ ನೋಡಿ ಅವರು ನೀರುಗುಳ್ಳೆ ಎಂಬುದನ್ನು ಮುಂದಕ್ಕೆ ತರುತ್ತಿದ್ದರು. ಅಷ್ಟು ಸೂಕ್ಷ್ಮ ಅವರಲ್ಲಿತ್ತು. ಕರೆ ಮುಗಿದ ತಕ್ಷಣ ಪರದೆಯ ಮೇಲೆ ಐದು ನಕ್ಷತ್ರಗಳು ಮೂಡಿ, ಕರೆಯ ಗುಣಮಟ್ಟ ಹೇಗಿತ್ತು ಎಂದು ಕೇಳಿದವು.

ಅಮ್ಮನ ಮನಸ್ಸಿನಲ್ಲಿ ಮೊದಲು ಕೇಳಿದ ಅರ್ಧ ವಾಕ್ಯವೇ ಉಳಿಯಿತು. ಆಮೇಲೆ ಬಂದ ಅರ್ಧ ನಾನು ಕೇಳಿ ತರಿಸಿದ್ದು, ಆದ್ದರಿಂದ ಅದರಲ್ಲಿ ಅವಳಿಗೆ ನಂಬಿಕೆ ಹುಟ್ಟಲಿಲ್ಲ. ವೈದ್ಯರೂ ನಾನೂ ಸೇರಿ ಏನೋ ಮುಚ್ಚಿಡುತ್ತಿದ್ದೇವೆ ಎಂಬ ಅನುಮಾನ ಅವಳದು. ಪರದೆಯ ಮುಂದೆ ಮುಚ್ಚಿಡುವುದು ಎಷ್ಟು ಸುಲಭ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ರಿಪೋರ್ಟಿನ ಪ್ರತಿ ತೆಗೆದು ಓದಿ ಹೇಳಿದರೂ ಒಂದೆರಡು ದಿನಕ್ಕೊಮ್ಮೆ, ಬೇರೇನೋ ಮಾತಿನ ನಡುವೆ, "ಅದು ಚಿಕ್ಕದು ಅಂದರೆ ಎಷ್ಟು?" ಎಂದು ಕೇಳುತ್ತಿದ್ದಳು. ಆಸ್ಪತ್ರೆಯಲ್ಲಾಗಿದ್ದರೆ ಕೋಣೆಯಿಂದ ಹೊರಬಿದ್ದು, ಕಾರಿಡಾರು ದಾಟಿ, ಮೆಟ್ಟಿಲಿಳಿದು, ಮನೆ ಮುಟ್ಟುವುದರೊಳಗೆ ಸುದ್ದಿ ಸ್ವಲ್ಪ ಸ್ವಲ್ಪವಾಗಿ ಮೈಗೆ ಇಳಿಯುತ್ತದೆ. ಇಲ್ಲಿ ಕರೆ ಮುಗಿದೊಡನೆ ಅದೇ ಕುರ್ಚಿ, ಅದೇ ಕಿಟಕಿ. ಅಮ್ಮ ಆ ಕುರ್ಚಿಯಲ್ಲಿ ಕೂರುವುದನ್ನೇ ಕೆಲವು ದಿನ ಬಿಟ್ಟಿದ್ದಳು.

ಕಾರಿಡಾರಿನಲ್ಲಿ

ಮುಖಾಮುಖಿ ಭೇಟಿಗೆ ಮತ್ತೆ ಅವಕಾಶವಾದಾಗ ಅಮ್ಮನ ಬೆರಳ ಗೆರೆಗಳು ಮರಳಿದ್ದವು. ನಾಲ್ಕಂಕಿಯ ಸಂಖ್ಯೆ ಸಾಕಾಗಿದೆ, ಮೊದಲಿನ ಹಾಗೆ ಮಾಡಿಕೊಡು ಎಂದು ಅವಳೇ ಒಂದು ದಿನ ಫೋನು ತಂದು ಕೈಗೆ ಕೊಟ್ಟಿದ್ದಳು. ಆಸ್ಪತ್ರೆಯಲ್ಲಿ ವೈದ್ಯರು ಮಾಸ್ಕ್ ಹಾಕಿಕೊಂಡೇ ಬಾಗಿಲಿಗೆ ಬಂದು ಅವಳ ಹೆಸರು ಕರೆದರು, ಮೊದಲಿನಂತೆ ಅಲ್ಲೇ ನಿಂತರು. ಅಮ್ಮ ಎದ್ದು, ಒಂದು ಕ್ಷಣ ಕುರ್ಚಿಯ ಬೆನ್ನು ಹಿಡಿದು, ನಡೆದು ಹೋದಳು. ನಾನೂ ಎದ್ದೆ. "ನೀವು ಇಲ್ಲೇ ಇರಿ, ಆಮೇಲೆ ಕರೆಯುತ್ತೇನೆ" ಎಂದು ವೈದ್ಯರು ಬಾಗಿಲು ಮುಚ್ಚಿದರು.

ಆ ಎಲ್ಲ ಕರೆಗಳಲ್ಲಿ ಒಮ್ಮೆಯೂ ಅವರಿಬ್ಬರು ನಾನಿಲ್ಲದೆ ಮಾತಾಡಿರಲಿಲ್ಲ ಎಂಬುದು ನನಗೆ ಆ ಮುಚ್ಚಿದ ಬಾಗಿಲಿನ ಮುಂದೆ ಕೂತಾಗಲೇ ಹೊಳೆದದ್ದು. ಮೊಬೈಲು ಹಿಡಿದವನ ಎದುರು ಹೇಳಲಾಗದ ಮಾತು ಅಮ್ಮನಿಗೆ ಇದ್ದಿರಬಹುದು: ದೇಹದ ಬಗ್ಗೆ, ಭಯದ ಬಗ್ಗೆ, ಬಹುಶಃ ನನ್ನ ಬಗ್ಗೆಯೇ. ನನ್ನ ತೋಳಿನ ಉದ್ದವೇ ಅವಳ ಏಕಾಂತದ ಅಳತೆಯಾಗಿತ್ತು. ಒಳಗಿನಿಂದ ಒಂದು ಸಲ ಅವಳ ನಗು ಕೇಳಿಸಿತು. ಇಪ್ಪತ್ತು ನಿಮಿಷವಾಯಿತು; ಪಕ್ಕದಲ್ಲಿ ಕಾಯುತ್ತಿದ್ದವರು ಗೊಣಗಲು ಶುರುಮಾಡಿದರು. ನನ್ನನ್ನು ಆಮೇಲೆ ಕರೆಯಲೇ ಇಲ್ಲ.

ಹೊರಗೆ ಬಂದ ಅಮ್ಮ ಫೈಲನ್ನು ನನ್ನ ಕೈಗಿಟ್ಟಳು. ಏನು ಮಾತಾಡಿದಿರಿ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೆಟ್ಟಿಲಿಳಿಯುವಾಗ ಕಂಬಿ ಹಿಡಿದು ನಿಂತು ಹೇಳಿದಳು: "ಮುಂದಿನ ಸಲ ಫೋನಿನಲ್ಲೇ ಸಾಕಂತೆ. ನೀನು ಹಿಡಿದುಕೊಳ್ಳುವುದು ಬೇಡ, ಅದಕ್ಕೊಂದು ಸ್ಟ್ಯಾಂಡ್ ತರಿಸಿಕೊಡು."